ಹೊಲ ಒಂದೇ, ಗುರುತು ಎರಡು

ಅಫಜಲಪುರ ತಾಲ್ಲೂಕಿನ ಮಣ್ಣೂರ ಭೀಮಾ ದಂಡೆಯ ಊರು. ಈ ಕಡೆ ಹೊಲಕ್ಕೆ ಎರಡು ಗುರುತು. ಮನೆಯವರ ಬಾಯಲ್ಲಿ ಅದು ಬೇವಿನ ಗಿಡದ ಹೊಲ, ಪಹಣಿಯಲ್ಲಿ ಬರೀ ಸರ್ವೆ ನಂಬರು. ಕಚೇರಿಗೆ ಹೋಗಿ ಬೇವಿನ ಗಿಡ ಎಂದರೆ ಕೆಲಸ ಆಗದು.

ನೆಟ್‌ವರ್ಕ್ ಕಾರ್ಡಿನ ಮುಂದೆ ಕೂತಾಗೆಲ್ಲ ನನಗೆ ಆ ಕಚೇರಿಯೇ ನೆನಪಾಗುತ್ತದೆ. ಡ್ರೈವರ್ ಬರೆಯುವವರ ಕೈಯಲ್ಲಿರುವುದು ಪ್ರೊಸೆಸರ್ ಬಲ್ಲ ವರ್ಚುವಲ್ ವಿಳಾಸ. ಕಾರ್ಡು ಪ್ರೊಸೆಸರನ್ನು ಕೇಳದೆ ತಾನೇ ಮೆಮೊರಿಗೆ ಬರೆಯುತ್ತದೆ. ಡಿಎಂಎ ಅಂದರೆ ಅದೇ. ಅದಕ್ಕೆ ಬೇಕಾದ ವಿಳಾಸವೇ ಬೇರೆ. ಲಿನಕ್ಸ್‌ನಲ್ಲಿ ‘ಡಿಎಂಎ ಮ್ಯಾಪ್ ಸಿಂಗಲ್’ ಕೊಡುವುದು ಆ ವಿಳಾಸವನ್ನು. ಕೊಡುವಾಗಲೇ ದಿಕ್ಕನ್ನೂ ಕೇಳುತ್ತದೆ: ದತ್ತಾಂಶ ಕಾರ್ಡಿಗೆ ಹೋಗುವುದೋ, ಕಾರ್ಡಿನಿಂದ ಬರುವುದೋ?

ಈ ದಿಕ್ಕನ್ನು ನಾನೊಮ್ಮೆ ತಪ್ಪಾಗಿ ಬರೆದೆ. ಪಿಸಿಯಲ್ಲಿ ಏನೂ ಆಗಲಿಲ್ಲ, ಅಲ್ಲಿ ಕ್ಯಾಶ್ ಮತ್ತು ಮೆಮೊರಿಯ ಹೊಂದಾಣಿಕೆಯನ್ನು ಹಾರ್ಡ್‌ವೇರೇ ನೋಡಿಕೊಳ್ಳುತ್ತದೆ. ಅದೇ ಕೋಡು ಆರ್ಮ್ ಬೋರ್ಡಿಗೆ ಹೋದಾಗ ಬಂದ ಪ್ಯಾಕೆಟ್ ಕೆಡತೊಡಗಿತು. ಹೆಕ್ಸ್ ಡಂಪ್ ತೆಗೆದು ಸಾಲುಸಾಲಾಗಿ ನೋಡಿದೆ: ಕೆಟ್ಟ ಭಾಗ ಕರಾರುವಾಕ್ಕಾಗಿ 64 ಬೈಟು, ಅಂದರೆ ಒಂದು ಕ್ಯಾಶ್ ಲೈನ್. ಅದರೊಳಗೆ ಇದ್ದದ್ದು ಹಿಂದಿನ ಪ್ಯಾಕೆಟ್ಟಿನ ಅಕ್ಷರಗಳು. ಕಾರ್ಡು ಹೊಸದನ್ನು ಬರೆದಿತ್ತು, ಪ್ರೊಸೆಸರ್ ತನ್ನ ಕ್ಯಾಶಿನ ಹಳೆಯದನ್ನೇ ಓದುತ್ತಿತ್ತು. ಒಂದು ಪದ ತಿದ್ದಿದೆ, ಸರಿಹೋಯಿತು. ‘ಪಿಸಿಯಲ್ಲಿ ಓಡುತ್ತದೆ’ ಎಂಬ ಮಾತನ್ನು ನಾನು ಅಂದಿನಿಂದ ನಂಬುವುದಿಲ್ಲ.

ಇನ್ನೂ ದೊಡ್ಡ ಪ್ರಕರಣ 2008ರದು. ಲಿನಕ್ಸ್ 2.6.27 ತಯಾರಾಗುತ್ತಿದ್ದಾಗ ಇಂಟೆಲ್‌ನ ಕೆಲವು ಈಥರ್ನೆಟ್ ಕಾರ್ಡುಗಳು ಸತ್ತೇಹೋದವು. ಅವುಗಳ ಎನ್‌ವಿಎಂ, ಅಂದರೆ ಕರೆಂಟ್ ಹೋದರೂ ಉಳಿಯಬೇಕಾದ ಮೆಮೊರಿ, ಅಳಿಸಿಹೋಗಿತ್ತು. ಎಲ್ಲರೂ ಅನುಮಾನಪಟ್ಟದ್ದು ಇ1000ಇ ಡ್ರೈವರನ್ನು. ಕಾರಣ ಸಿಗುವ ಮೊದಲೇ ಎನ್‌ವಿಎಂಗೆ ಬರೆಯದಂತೆ ಬೀಗ ಹಾಕಿದರು. ಕೊನೆಗೆ ಸಿಕ್ಕಿದ್ದು ಕರ್ನಲ್‌ನ ಎಫ್‌ಟ್ರೇಸ್ ಎಂಬ ಬೇರೆಯದೇ ಭಾಗ. ಮಾಡ್ಯೂಲ್ ಬಿಟ್ಟುಹೋದ ಜಾಗದ ವಿಳಾಸಗಳನ್ನು ಅದು ಹಾಗೇ ಬರೆದಿಟ್ಟುಕೊಂಡಿತ್ತು. ಅದೇ ವಿಳಾಸಕ್ಕೆ ಆಮೇಲೆ ಕಾರ್ಡಿನ ಎನ್‌ವಿಎಂ ಮ್ಯಾಪ್ ಆಗಿತ್ತು, ಎಫ್‌ಟ್ರೇಸ್ ಬರೆದದ್ದು ಅದರ ಮೇಲೆಯೇ. ಹೊಲ ಕೈಬದಲಾದದ್ದು ಗೊತ್ತಿಲ್ಲದೆ ಹಳೆಯ ಪಹಣಿ ಹಿಡಿದು ಬಂದು ಉತ್ತಂತೆ. ಹಳೆಯ ವಿಳಾಸವನ್ನು ನೋಡಿದರೆ ಈಗಲೂ ನನಗೆ ದಿಗಿಲು.

ಅದಕ್ಕೇ ಹೊಸ ಡ್ರೈವರ್ ಕೈಗೆತ್ತಿಕೊಂಡಾಗ ಮೊದಲು ಕರ್ನಲ್‌ನ ‘ಡಿಎಂಎ ಎಪಿಐ ಡೀಬಗ್’ ಆನ್ ಮಾಡುತ್ತೇನೆ. 60 ಬೈಟು ಮ್ಯಾಪ್ ಮಾಡಿ 64 ಬೈಟು ಅನ್‌ಮ್ಯಾಪ್ ಮಾಡಿದರೂ ಅದು ಡ್ರೈವರಿನ ಹೆಸರು ಹಿಡಿದೇ ದೂರುತ್ತದೆ.