ಕೀಲಿಯೋ ಅಕ್ಷರವೋ: ವರ್ಚುವಲ್ ಯಂತ್ರದಲ್ಲಿ ಕನ್ನಡದ ಪ್ರವೇಶಮಾರ್ಗಗಳು

ಒಂದು ಗಣಕಯಂತ್ರದೊಳಗೆ ಮತ್ತೊಂದು ಗಣಕವನ್ನು ತಂತ್ರಾಂಶದ ಬಲದಿಂದಲೇ ನಿರ್ಮಿಸುವ ಪದ್ಧತಿಗೆ ಅನುಕರಣವೆಂದೂ, ಹಾಗೆ ನಿರ್ಮಿತವಾದುದಕ್ಕೆ ವರ್ಚುವಲ್ ಯಂತ್ರವೆಂದೂ ಹೆಸರು. ಫಬ್ರೀಸ್ ಬೆಲಾರ್ ಅವರು 2003ರಲ್ಲಿ ಹೊರತಂದ ಕ್ಯೂಇಎಂಯು ಈ ಬಗೆಯ ತಂತ್ರಾಂಶಗಳಲ್ಲಿ ಪ್ರಸಿದ್ಧವಾದುದು. ಒಳಗಿನ ಯಂತ್ರಕ್ಕೆ ನಮ್ಮ ಮಾತನ್ನು ಮುಟ್ಟಿಸಲು ಎರಡು ಮುಖ್ಯ ಮಾರ್ಗಗಳುಂಟು: ಅನುಕೃತ ಕೀಲಿಮಣೆ ಒಂದು, ಸೀರಿಯಲ್ ಕನ್ಸೋಲ್ ಇನ್ನೊಂದು. ಇವುಗಳಲ್ಲಿ ಕೀಲಿಮಣೆಯೇ ಸಹಜವಾದುದು, ಸೀರಿಯಲ್ ಮಾರ್ಗ ಹಳೆಯ ಕಾಲದ ಅವಶೇಷವೆಂದು ಭಾವಿಸುವವರು ಅನೇಕರು. ಕನ್ನಡ ಪಠ್ಯದ ಮಟ್ಟಿಗೆ ಈ ಅಭಿಪ್ರಾಯ ಎಷ್ಟು ನಿಲ್ಲುತ್ತದೆಂಬುದನ್ನು ಪರೀಕ್ಷಿಸುವುದು ಪ್ರಕೃತ ಲೇಖನದ ಉದ್ದೇಶ.

ಪರೀಕ್ಷೆಗೆ ನಾವು ಒಂದೇ ಪದವನ್ನು ಆರಿಸಿಕೊಂಡಿದ್ದೇವೆ. ಹಳೇಬೀಡಿನ ಸಮೀಪದ ಹುಲಿಕೆರೆ ಹೊಯ್ಸಳರ ಕಾಲದ ತನ್ನ ಕಲ್ಲಿನ ಪುಷ್ಕರಣಿಯಿಂದ ಹೆಸರಾದ ಊರು. ಲಕ್ಷ್ಮೇಶ್ವರದ ಪ್ರಾಚೀನ ನಾಮವಾದ ಹುಲಿಗೆರೆಗೂ ಇದಕ್ಕೂ ಇರುವ ಭೇದ ಒಂದೇ ವ್ಯಂಜನದ್ದು. ಶಾಸನಗಳ ಸ್ಥಳನಾಮಗಳನ್ನು ಸಂಗ್ರಹಿಸುವ ವಿದ್ಯಾರ್ಥಿ ಇಲ್ಲಿ ಒಂದಕ್ಷರ ತಪ್ಪಿದನೆಂದರೆ ಹಾಸನ ಜಿಲ್ಲೆಯಿಂದ ಗದಗ ಜಿಲ್ಲೆಗೆ ಹೋಗಿಬಿಡುತ್ತಾನೆ. ಹಸ್ತಪ್ರತಿಯಲ್ಲಿ ಲಿಪಿಕಾರನ ಪ್ರಮಾದದಿಂದ ಪಾಠಾಂತರ ಹುಟ್ಟಿದಂತೆ ಯಂತ್ರದ ಪ್ರವೇಶದ್ವಾರದಲ್ಲಿಯೂ ಹುಟ್ಟಬಲ್ಲದು. ಆದುದರಿಂದ ಈ ವಿಷಯ ಯಂತ್ರಜ್ಞರಿಗೆ ಮಾತ್ರ ಸೇರಿದುದಲ್ಲ.

ಮೊದಲು ಕೀಲಿಮಣೆಯ ಸ್ವರೂಪವನ್ನು ನೋಡೋಣ. ಕೀಲಿಮಣೆ ಅಕ್ಷರವನ್ನು ಕಳುಹಿಸುವುದಿಲ್ಲ. ಯಾವ ಸ್ಥಾನದ ಕೀಲಿ ಒತ್ತಲ್ಪಟ್ಟಿತು, ಯಾವುದು ಬಿಡಲ್ಪಟ್ಟಿತು ಎಂಬುದನ್ನಷ್ಟೇ ತಿಳಿಸುತ್ತದೆ. ಆ ಸಂಕೇತಕ್ಕೆ ಅಕ್ಷರದ ಅರ್ಥ ಬರುವುದು ಒಳಗಿನ ಯಂತ್ರದಲ್ಲಿ ನಿಯೋಜಿತವಾದ ವಿನ್ಯಾಸದಿಂದ. ಕೆ. ಪಿ. ರಾವ್ ಅವರು ರೂಪಿಸಿದ, ‘ನುಡಿ’ ತಂತ್ರಾಂಶದ ಮೂಲಕ ಬಳಕೆಗೆ ಬಂದ ವಿನ್ಯಾಸದಲ್ಲಿ ‘ಹುಲಿಕೆರೆ’ಗೆ ಎಚ್, ಯು, ಎಲ್, ಐ, ಕೆ, ಇ, ಆರ್, ಇ ಎಂಬ 8 ಒತ್ತುಗಳು ಸಾಕು. ಒಳಗಿನ ಯಂತ್ರದಲ್ಲಿ ಇನ್‌ಸ್ಕ್ರಿಪ್ಟ್ ವಿನ್ಯಾಸವಿದ್ದರೆ ಇದೇ ಒತ್ತುಗಳು ಪ, ಹ, ತ, ಗ, ಕ ಎಂದು ಆರಂಭವಾಗುವ ಅರ್ಥಹೀನವಾದ ಸಾಲನ್ನು ಕೊಡುತ್ತವೆ. ಬೆರಳು ತಪ್ಪಲಿಲ್ಲ, ಸಂಕೇತ ಕೆಡಲಿಲ್ಲ; ಆದರೂ ಪದ ಕೆಟ್ಟಿತು.

ಇನ್ನೂ ಒಂದು ತೊಡಕುಂಟು. ಕ್ಯೂಇಎಂಯುವಿನ ನಿಯಂತ್ರಣ ಕಿಂಡಿಯಲ್ಲಿ ಕೀಲಿಯೊತ್ತುವ ಆಜ್ಞೆಯಿದೆ. ಆದರೆ ಅದು ಬಲ್ಲುದು ಕೀಲಿಗಳ ಹೆಸರನ್ನು ಮಾತ್ರ. ‘ಹ’ ಎಂಬ ಕೀಲಿ ಅದಕ್ಕೆ ಅಪರಿಚಿತ. ಸಿದ್ಧವಾಗಿರುವ ಕನ್ನಡ ಪಠ್ಯವನ್ನು ಈ ದಾರಿಯಿಂದ ಕಳುಹಿಸಬೇಕಾದರೆ ಅದನ್ನು ಮೊದಲು ಕೀಲಿಗಳನ್ನಾಗಿ ಒಡೆಯಬೇಕು. ಸಂಕೇತಗಳು ಕಾಯುವ ಸಾಲೂ ಮಿತವಾದುದು. ಅದು ತುಂಬಿದ ಮೇಲೆ ಬಂದ ಸಂಕೇತ ನಷ್ಟವಾಗುತ್ತದೆ. ಒಂದು ಗುಣಿತಚಿಹ್ನೆ ಹೋದರೂ ‘ಹುಲಿಕೆರೆ’ಯು ‘ಹುಲಕೆರೆ’ಯಾಗಿ ಉಳಿಯುತ್ತದೆ.

ಸೀರಿಯಲ್ ಮಾರ್ಗದ ಸ್ವಭಾವ ಬೇರೆ. ಅದು ಒಯ್ಯುವುದು ಬೈಟುಗಳನ್ನು. ಯೂನಿಕೋಡಿನಲ್ಲಿ ನಮ್ಮ ಪದಕ್ಕೆ 4 ವ್ಯಂಜನಗಳೂ 4 ಸ್ವರಚಿಹ್ನೆಗಳೂ ಸೇರಿ 8 ಸಂಕೇತಗಳು. ಯುಟಿಎಫ್-8 ಕ್ರಮದಲ್ಲಿ ಪ್ರತಿಯೊಂದಕ್ಕೂ 3ರಂತೆ 24 ಬೈಟುಗಳು. ಹೊರಗಿನ ಯಂತ್ರ ಯಾವ ವಿನ್ಯಾಸದಲ್ಲಿ ಬೆರಳಚ್ಚು ಮಾಡಿಸಿಕೊಂಡಿದ್ದರೂ ಒಳಗಿನದು ಪಡೆಯುವುದು ಅದೇ 24 ಬೈಟುಗಳನ್ನು. ನಿಜವಾದ ತಂತಿಯಲ್ಲಿ, ಬೈಟಿಗೆ 10 ಬಿಟ್‌ಗಳಂತೆ, ಸೆಕೆಂಡಿಗೆ 9600 ಬಿಟ್‌ಗಳ ವೇಗದಲ್ಲಿಯೂ ಇದಕ್ಕೆ ತಗಲುವ ಕಾಲ 25 ಮಿಲಿಸೆಕೆಂಡು ಮಾತ್ರ. ಪ್ರದರ್ಶನದ ಹೊರೆಯೂ ಹೊರಗಿನ ಯಂತ್ರದ್ದೇ. ಲಿನಕ್ಸಿನ ಸ್ವಂತ ಪಠ್ಯಪರದೆ 512ಕ್ಕಿಂತ ಹೆಚ್ಚು ಅಕ್ಷರಾಕೃತಿಗಳನ್ನು ಇಟ್ಟುಕೊಳ್ಳಲಾರದು, ಒತ್ತಕ್ಷರಗಳನ್ನು ಜೋಡಿಸಲಾರದು. ಹೊರಗಿನ ಸಮರ್ಥವಾದ ಟರ್ಮಿನಲ್ ಇವೆರಡನ್ನೂ ಮಾಡಬಲ್ಲದು.

ಇಷ್ಟರಿಂದಲೇ ಸೀರಿಯಲ್ ಮಾರ್ಗ ನಿರ್ದುಷ್ಟವೆಂದು ತೀರ್ಮಾನಿಸುವುದು ಆತುರದ ಮಾತಾದೀತು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿಯೊಂದು ಬೈಟಿನ ಎಂಟನೆಯ ಬಿಟ್ 1 ಆಗಿರುತ್ತದೆ. ಮಾರ್ಗವನ್ನು 7 ಬಿಟ್‌ಗಳಿಗೆ ನಿಯೋಜಿಸಿದರೆ ಇಂಗ್ಲಿಷು ಅಕ್ಷತವಾಗಿ ಸಾಗುತ್ತದೆ, ಕನ್ನಡ ಸಮೂಲವಾಗಿ ನಾಶವಾಗುತ್ತದೆ. ಇಂಗ್ಲಿಷಿನಿಂದ ಮಾತ್ರ ಪರೀಕ್ಷಿಸಿದವನಿಗೆ ಈ ದೋಷ ಕಾಣಿಸುವುದೇ ಇಲ್ಲ. ಅಳಿಸುವ ಕೀಲಿಯ ವಿಷಯದಲ್ಲಿಯೂ ಎಚ್ಚರ ಬೇಕು: ಒಳಗಿನ ವ್ಯವಸ್ಥೆಗೆ ಯುಟಿಎಫ್-8ರ ಅರಿವು ಕೊಡದಿದ್ದರೆ ಒಂದು ಒತ್ತಿಗೆ ಒಂದು ಬೈಟು ಮಾತ್ರ ಅಳಿದು ಭಗ್ನಾಕ್ಷರ ಉಳಿಯುತ್ತದೆ. ಇವಲ್ಲದೆ ಕೀಲಿಯನ್ನು ಬಿಟ್ಟ ಕ್ಷಣ, ಶಿಫ್ಟ್ ಕೀಲಿಯನ್ನು ಮಾತ್ರವೇ ಒತ್ತಿದ ಸಂದರ್ಭ ಮೊದಲಾದವು ಈ ದಾರಿಯಲ್ಲಿ ಸಾಗುವುದಿಲ್ಲ. ಚಿತ್ರಾತ್ಮಕ ತಂತ್ರಾಂಶಗಳು ಸಾಮಾನ್ಯವಾಗಿ ಸೀರಿಯಲ್ ದ್ವಾರದ ಕಡೆಗೆ ಕಿವಿಗೊಡುವುದೂ ಇಲ್ಲ.

ಹೀಗೆ ನೋಡಿದರೆ ಎರಡು ಮಾರ್ಗಗಳ ಭೇದ ಹೊಸದು ಹಳೆಯದೆಂಬುದಲ್ಲ. ಒಂದು ಕ್ರಿಯೆಯನ್ನು ವರದಿಮಾಡುತ್ತದೆ, ಇನ್ನೊಂದು ಪಠ್ಯವನ್ನು ಒಯ್ಯುತ್ತದೆ. ಕೀಲಿಮಣೆಯ ವಿನ್ಯಾಸವನ್ನೇ ಕಲಿಸಬೇಕಾದ, ಕನ್ನಡ ಬೆರಳಚ್ಚಿನ ತಂತ್ರಾಂಶವನ್ನೇ ಪರೀಕ್ಷಿಸಬೇಕಾದ ತರಗತಿಗೆ ಅನುಕೃತ ಕೀಲಿಮಣೆ ಅನಿವಾರ್ಯ. ಅಲ್ಲಿ ಸೀರಿಯಲ್ ಮಾರ್ಗವನ್ನು ಹಿಡಿದರೆ ಪರೀಕ್ಷಿಸಬೇಕಾದ ಸಂಗತಿಯೇ ತಪ್ಪಿಹೋಗುತ್ತದೆ. ಸ್ಥಳನಾಮಗಳ ಪಟ್ಟಿಯನ್ನೋ ಶಾಸನಪಾಠವನ್ನೋ ಒಳಗಿನ ಯಂತ್ರಕ್ಕೆ ಯಥಾವತ್ತಾಗಿ ದಾಟಿಸಬೇಕಾದಲ್ಲಿ ಸೀರಿಯಲ್ ಮಾರ್ಗವೇ ಮೇಲೆಂಬುದು ನಮ್ಮ ಅಭಿಪ್ರಾಯ. ಯಾವುದನ್ನು ಆರಿಸಿಕೊಂಡರೂ ಕಾಲೇಜಿನ ಪ್ರಯೋಗಶಾಲೆಗಳಲ್ಲಿ ಮೊದಲ ಪರೀಕ್ಷೆ ಕನ್ನಡ ಪದದಿಂದಲೇ ನಡೆಯತಕ್ಕದ್ದು. ‘ಹುಲಿಕೆರೆ’ ಎಂದು ಕಳುಹಿಸಿ, ಒಳಗೆ ಉಳಿದ ಬೈಟುಗಳನ್ನು ಎಣಿಸಿ, ಕಳುಹಿಸಿದವುಗಳೊಡನೆ ಒಂದೊಂದಾಗಿ ತಾಳೆನೋಡುವುದು ಕೆಲವೇ ನಿಮಿಷಗಳ ಕೆಲಸ. ಅಷ್ಟು ಮಾಡದೆ ತುಂಬಿಸಿದ ಪಠ್ಯವನ್ನು ಸಂಶೋಧನೆಗೆ ಆಧಾರವಾಗಿ ಬಳಸುವುದು ಉಚಿತವಲ್ಲ.