ರಾಯಚೂರು ದಂಡಯಾತ್ರೆಯ ಕಾಲಾಳು: ನೂನಿಜನ ವೃತ್ತಾಂತವನ್ನು ಕುರಿತು

ಕೃಷ್ಣದೇವರಾಯನು ಕ್ರಿ. ಶ. ೧೫೨೦ರಲ್ಲಿ ಬಿಜಾಪುರದ ಇಸ್ಮಾಯಿಲ್ ಆದಿಲಶಾಹನಿಂದ ರಾಯಚೂರನ್ನು ಗೆದ್ದುಕೊಂಡ ದಂಡಯಾತ್ರೆಗೆ ನಮಗೆ ದೊರೆತಿರುವ ವಿಸ್ತಾರವಾದ ಆಧಾರವೆಂದರೆ ಫೆರ್ನಾವೊ ನೂನಿಜನ ವೃತ್ತಾಂತ. ಕುದುರೆಯ ವ್ಯಾಪಾರಿಯಾಗಿದ್ದ ಈ ಪೋರ್ಚುಗೀಜನು ಯುದ್ಧವಾಗಿ ಸುಮಾರು ಹದಿನೈದು ವರ್ಷಗಳಾದ ಮೇಲೆ ಇದನ್ನು ಬರೆದನು. ೧೯೦೦ರಲ್ಲಿ ರಾಬರ್ಟ್ ಸೀವೆಲ್ಲರ ಗ್ರಂಥದ ಮೂಲಕ ಇದು ಇಂಗ್ಲಿಷಿನಲ್ಲಿ ಪ್ರಕಟವಾದಂದಿನಿಂದ ಓದುಗರ ಕಣ್ಣು ಬಹುಮಟ್ಟಿಗೆ ಎರಡೇ ಸಂಗತಿಗಳ ಮೇಲೆ ನಿಂತಿದೆ: ಒಂದು ಸೈನ್ಯದ ಸಂಖ್ಯೆ, ಇನ್ನೊಂದು ಪೋರ್ಚುಗೀಜ್ ಬಂದೂಕುಗಾರರ ಸಾಹಸ. ಇವೆರಡರ ನಡುವೆ ಕಾಲಾಳು ಮರೆಯಾಗಿದ್ದಾನೆ.

ಸಂಖ್ಯೆಯ ಮಾತನ್ನು ಮೊದಲು ಮುಗಿಸೋಣ. ನೂನಿಜನು ನಾಯಕನೊಬ್ಬನಿಗೆ ಮೂವತ್ತು ಸಾವಿರ, ಇನ್ನೊಬ್ಬನಿಗೆ ಒಂದು ಲಕ್ಷ ಎಂದು ಕಾಲಾಳುಗಳನ್ನು ಹಂಚುತ್ತಾನೆ. ಸೀವೆಲ್ಲರು ಕೂಡಿಸಿದ ಮೊತ್ತ ೭,೦೩,೦೦೦ ಕಾಲಾಳು, ೩೨,೬೦೦ ಕುದುರೆ, ೫೫೧ ಆನೆ. ಯುದ್ಧದ ವರ್ಷವನ್ನೇ ೧೫೨೨ ಎಂದು ತಪ್ಪಾಗಿ ಕೊಟ್ಟ ಲೇಖಕನ ಇಂಥ ದುಂಡು ಅಂಕಿಗಳನ್ನು ದಂಡಿನ ಹಾಜರಿಪಟ್ಟಿಯೆಂದು ನಂಬುವುದು ಹೇಗೆ? ನಿಜವಾದ ಪಟ್ಟಿ ಎಂಥದೆಂಬುದಕ್ಕೆ ಇಂಗ್ಲೆಂಡಿನ ಚರಿತ್ರೆಯನ್ನು ನೋಡಬಹುದು. ೧೨೯೮ರಲ್ಲಿ ಮೊದಲನೆಯ ಎಡ್ವರ್ಡನು ಸ್ಕಾಟ್ಲೆಂಡಿನ ಮೇಲೆ ದಂಡೆತ್ತಿ ಹೋದಾಗ, ತಾನು ಕೆಲವೇ ವರ್ಷಗಳ ಹಿಂದೆ ಗೆದ್ದಿದ್ದ ವೇಲ್ಸಿನಿಂದ ಹತ್ತು ಸಾವಿರಕ್ಕೂ ಮಿಕ್ಕ ಕಾಲಾಳುಗಳನ್ನು ಕರೆಸಿದನು. ಅವರ ದಿನಗೂಲಿ ಎರಡು ಪೆನ್ನಿ ಎಂಬುದು ಅರಮನೆಯ ಲೆಕ್ಕಪತ್ರಗಳಿಂದಲೇ ತಿಳಿಯುತ್ತದೆ. ವಿಜಯನಗರದ ಅಂಥ ಕಡತವಾವುದೂ ನಮ್ಮ ಕೈಸೇರಿಲ್ಲ.

ಆದರೆ ಇಷ್ಟಕ್ಕೇ ನೂನಿಜನನ್ನು ಬದಿಗಿಡುವುದು ಅವಿವೇಕವಾದೀತು. ನೀರಿಲ್ಲದೆ ಜನ ಸಾಯದಂತೆ ದಾರಿಯುದ್ದಕ್ಕೂ ತೊಗಲ ಚೀಲಗಳನ್ನು ಹೊತ್ತ ಹನ್ನೆರಡು ಸಾವಿರ ನೀರಾಳುಗಳನ್ನು ನಿಲ್ಲಿಸಿದ್ದರೆಂದೂ, ದಂಡಿನೊಡನೆ ಅಗಸರು ನಡೆದರೆಂದೂ, ಪಾಳೆಯದಲ್ಲಿ ಅಂಗಡಿಬೀದಿಗಳಿದ್ದುವೆಂದೂ ಅವನು ಹೇಳುತ್ತಾನೆ. ಅಂಕಿ ಹೇಗೇ ಇರಲಿ, ವ್ಯವಸ್ಥೆ ಸುಳ್ಳಾಗಿರಲಾರದು. ವೈಶಾಖದ ಬಿಸಿಲಿನಲ್ಲಿ ರಾಯಚೂರಿನ ನೆಲವನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಎಲ್ಲಕ್ಕಿಂತ ಮುಖ್ಯವಾದುದು ಮುತ್ತಿಗೆಯ ಭಾಗ. ಕೋಟೆಯ ಗೋಡೆ ಸುಣ್ಣದ ಗಾರೆಯಿಲ್ಲದೆ ಹೇರೊಡ್ಡಿದ ದೊಡ್ಡ ಕಲ್ಲುಗಳದು, ಒಳಗೆ ಮಣ್ಣು ತುಂಬಿದುದು ಎನ್ನುತ್ತಾನೆ ನೂನಿಜ್. ೧೨೯೪ರಲ್ಲಿ ಗೋರೆ ಗನ್ನಯ ರೆಡ್ಡಿ ಕಟ್ಟಿಸಿದ ಒಳಗೋಡೆಯ ಗಾರೆಯಿಲ್ಲದ ಬೃಹತ್ ಶಿಲೆಗಳು ಅವನ ಮಾತಿಗೆ ಇಂದಿಗೂ ಸಾಕ್ಷಿಯಾಗಿವೆ. ಗಾರೆಯಿಲ್ಲದ ಕಲ್ಲನ್ನು ಮೀಟಿ ಕೀಳಬಹುದು. ಕಾಲಾಳುಗಳು ಹಾರೆ ಗುದ್ದಲಿ ಹಿಡಿದು ಗೋಡೆಯ ಬುಡಕ್ಕೆ ನುಗ್ಗಿದರು. ಅವರು ಕಿತ್ತು ತಂದ ಕಲ್ಲುಗಳನ್ನು ನಾಯಕರು ಹಣಕೊಟ್ಟು ಕೊಂಡರು. ಕಲ್ಲಿನ ಗಾತ್ರಕ್ಕೆ ತಕ್ಕಂತೆ ಹತ್ತರಿಂದ ಐವತ್ತು ಫನಾಂ, ಎಂದರೆ ನಮ್ಮ ಹಣ. ಮೇಲಿನಿಂದ ಬಾಣ, ಗುಂಡು ಸುರಿಯುತ್ತಿರಲು ಈ ಬೆಲೆ ಹೆಚ್ಚೆನ್ನುವವರು ಯಾರು!

ಕ್ರಿಸ್ತೊವಾವೊ ದ ಫಿಗೇರೆದೊ ತನ್ನ ಇಪ್ಪತ್ತು ಬಂದೂಕುಗಾರರೊಡನೆ ಬಂದುದು ಇದು ನಡೆದಿದ್ದಾಗಲೇ. ಗೋಡೆಯ ಮೇಲೆ ತಲೆಯೆತ್ತಿದವರನ್ನು ಆತನ ಕಡೆಯವರು ಹೊಡೆದುದರಿಂದ ಕೆಳಗಿನವರ ಕೆಲಸ ಸುಲಭವಾಯಿತು. ಕೋಟೆಯ ಅಧಿಪತಿಯೂ ಹಣೆಗೆ ಗುಂಡು ತಗಲಿ ಮಡಿದನು. ಸ್ವದೇಶೀಯನ ಈ ಪರಾಕ್ರಮವನ್ನು ನೂನಿಜ್ ಮನಸಾರೆ ಹಿಗ್ಗಿಸಿದ್ದಾನೆ, ಸಹಜವೇ. ಆದರೆ ಕಲ್ಲಿನ ಬೆಲೆಯನ್ನು ಬರೆದಿಟ್ಟವನೂ ಅವನೇ. ಫಿಗೇರೆದೊ ಬರುವ ಮೊದಲೇ ಗೋಡೆ ಹಲವೆಡೆ ಬಿಚ್ಚಿಕೊಂಡಿತ್ತೆಂಬುದು ಅವನ ಬರವಣಿಗೆಯಿಂದಲೇ ಸ್ಪಷ್ಟವಾಗುತ್ತದೆ.