ದೃಶ್ಯವೋ ನೆಲವೋ: ‘ಡಿಸೈನ್ ವಿತ್ ನೇಚರ್’ ಗ್ರಂಥವನ್ನು ಕುರಿತು

ಒಂದು ಕಸಬು ವಿಶ್ವವಿದ್ಯಾನಿಲಯವನ್ನು ಪ್ರವೇಶಿಸಿ ವಿದ್ಯೆಯೆನಿಸಿಕೊಂಡ ಮೇಲೆ ಅದಕ್ಕೆ ಎರಡು ದಾರಿಗಳುಂಟು. ಹಿಂದಿನವರ ಕೈಚಳಕವನ್ನು ಮುಂದಿನವರಿಗೆ ಒಪ್ಪಿಸಿ ತೃಪ್ತಿಪಡುವುದು ಒಂದು. ಆ ಕೈಚಳಕವು ಯಾವ ತಿಳಿವಳಿಕೆಯ ಮೇಲೆ ನಿಂತಿದೆಯೆಂದು ಪ್ರಶ್ನಿಸುವುದು ಇನ್ನೊಂದು. ಭೂದೃಶ್ಯ ವಾಸ್ತುಶಿಲ್ಪದ ಚರಿತ್ರೆಯಲ್ಲಿ ಈ ಎರಡು ದಾರಿಗಳೂ ಸ್ಪಷ್ಟವಾಗಿ ಕಾಣುತ್ತವೆ. 1858ರಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿಗೆ ವಿನ್ಯಾಸವನ್ನು ರಚಿಸಿದ ಫ್ರೆಡರಿಕ್ ಲಾ ಓಮ್‌ಸ್ಟೆಡ್ ಈ ವಿಷಯವನ್ನು ಯಾವ ಕಾಲೇಜಿನಲ್ಲಿಯೂ ಕಲಿತವರಲ್ಲ. 1900ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯವು ಇದನ್ನು ಪದವಿಯ ವಿಷಯವನ್ನಾಗಿ ಮಾಡಿದಾಗ ಬೋಧನೆಗೆ ಮುಂದಾದವರಲ್ಲಿ ಅವರ ಮಗನೂ ಇದ್ದರು. ತಂದೆಯ ಕಸಬು ಮಗನ ಕಾಲಕ್ಕೆ ಶಾಸ್ತ್ರವಾಯಿತು. ಆದರೆ ಅದು ಯಾವುದರ ಶಾಸ್ತ್ರ, ನೋಟದ ಶಾಸ್ತ್ರವೋ ನೆಲದ ಶಾಸ್ತ್ರವೋ ಎಂಬ ಪ್ರಶ್ನೆ ಬಹುಕಾಲ ಇತ್ಯರ್ಥವಾಗದೆ ಉಳಿಯಿತು.

ಈ ಪ್ರಶ್ನೆಯನ್ನು ಎಲ್ಲರಿಗೂ ಕೇಳಿಸುವಂತೆ ಎತ್ತಿದವರು ಇಯಾನ್ ಮೆಕ್‌ಹಾರ್ಗ್ (1920–2001). ಸ್ಕಾಟ್ಲೆಂಡಿನಲ್ಲಿ ಹುಟ್ಟಿ, ಎರಡನೆಯ ಮಹಾಯುದ್ಧದಲ್ಲಿ ಸೈನಿಕರಾಗಿದ್ದು, ಅನಂತರ ಹಾರ್ವರ್ಡಿನಲ್ಲಿ ವ್ಯಾಸಂಗಮಾಡಿದ ಇವರು 1950ರ ದಶಕದಲ್ಲಿ ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದಲ್ಲಿ ಈ ವಿಷಯದ ವಿಭಾಗವನ್ನು ಕಟ್ಟಿದರು. ಭೂವಿಜ್ಞಾನ, ಜಲವಿಜ್ಞಾನ, ಸಸ್ಯಪರಿಸರಶಾಸ್ತ್ರಗಳನ್ನು ಬಲ್ಲವರನ್ನು ವಿನ್ಯಾಸದ ತರಗತಿಗೆ ಕರೆತಂದರು. 1969ರಲ್ಲಿ ಪ್ರಕಟವಾದ ‘ಡಿಸೈನ್ ವಿತ್ ನೇಚರ್’ ಆ ಬೋಧನೆಯ ಫಲ. ಭಾರತದಲ್ಲಿ 1970ರ ದಶಕದಲ್ಲಿ ದೆಹಲಿಯ ಯೋಜನೆ ಮತ್ತು ವಾಸ್ತುಶಿಲ್ಪ ಶಾಲೆಯಲ್ಲಿ ಈ ವಿಷಯದ ಸ್ನಾತಕೋತ್ತರ ಅಧ್ಯಯನ ಮೊದಲಾದಾಗ ಈ ಗ್ರಂಥವು ಹೊಸದು. ಇಂದಿಗೂ ವಿದ್ಯಾರ್ಥಿಗಳ ಕೈಯಲ್ಲಿದೆ. ಅರ್ಧ ಶತಮಾನವನ್ನು ದಾಟಿದ ಇಂಥ ಗ್ರಂಥವನ್ನು ಗೌರವದಿಂದ ನೆನೆದರೆ ಸಾಲದು. ಅದರಲ್ಲಿ ನಿಲ್ಲುವುದೇನು, ನಿಲ್ಲದಿರುವುದೇನು ಎಂದು ವಿಚಾರಿಸಬೇಕು.

ಮೊದಲು ನಿಲ್ಲುವುದನ್ನು ನೋಡೋಣ. ಗ್ರಂಥದ ಆರಂಭದ ಅಧ್ಯಾಯಗಳಲ್ಲೊಂದು ನ್ಯೂಜೆರ್ಸಿಯ ಕಡಲತೀರದ ಮರಳದಿಬ್ಬಗಳನ್ನು ಕುರಿತದ್ದು. ಕಡಲಿಗೆ ಎದುರಾದ ದಿಬ್ಬವೇ ಹಿಂದಿನ ನೆಲಕ್ಕೆ ಕೋಟೆ. ಆ ದಿಬ್ಬವನ್ನು ಹಿಡಿದು ನಿಲ್ಲಿಸಿರುವುದು ಒಂದು ಜಾತಿಯ ಹುಲ್ಲು. ಉಪ್ಪುಗಾಳಿಯನ್ನೂ ಬಿಸಿಲನ್ನೂ ತಡೆಯಬಲ್ಲ ಆ ಹುಲ್ಲು ಮನುಷ್ಯನ ತುಳಿತವನ್ನು ತಡೆಯಲಾರದು. ಅಂತರ್ಜಲವು ಕೆಳಗಿಳಿದರೂ ಸಾಯುತ್ತದೆ. ಆದುದರಿಂದ ತೀರದ ಮರಳಿನಲ್ಲಿ ಆಡಬಹುದು, ದಿಬ್ಬದ ಮೇಲೆ ನಡೆಯಕೂಡದು, ಮನೆಯನ್ನು ಹಿಂಬದಿಯಲ್ಲಿ ಕಟ್ಟಬೇಕು. ಈ ನಿಯಮವನ್ನು ಯಾವ ಸೌಂದರ್ಯಮೀಮಾಂಸಕನೂ ವಿಧಿಸಲಿಲ್ಲ, ಹುಲ್ಲು ವಿಧಿಸಿತು. 1962ರ ಮಾರ್ಚ್ ತಿಂಗಳ ಬಿರುಗಾಳಿ ಅದನ್ನು ಮೀರಿ ದಿಬ್ಬವನ್ನು ಕಡಿದು ಕಟ್ಟಿದ ಮನೆಗಳನ್ನು ಕೆಡವಿಹಾಕಿತು. ಇಷ್ಟು ಸರಳವಾಗಿ, ಒಂದು ಹುಲ್ಲಿನ ಬೇರಿನಿಂದ ಒಂದು ಊರಿನ ವಿನ್ಯಾಸದವರೆಗೆ ಓದುಗನನ್ನು ನಡೆಸಿಕೊಂಡು ಹೋಗುವ ಬರವಣಿಗೆ ಶಾಸ್ತ್ರಗ್ರಂಥಗಳಲ್ಲಿ ವಿರಳ.

ಇನ್ನು ಗ್ರಂಥದ ಕೀರ್ತಿಗೆ ಹೆಚ್ಚು ಕಾರಣವಾದ ವಿಧಾನ. ನ್ಯೂಯಾರ್ಕಿನ ಸ್ಟೇಟನ್ ಐಲೆಂಡಿನಲ್ಲಿ ಒಂದು ಹೆದ್ದಾರಿಯ ಮಾರ್ಗವನ್ನು ನಿರ್ಣಯಿಸಬೇಕಾಗಿದ್ದಿತು. ಮೆಕ್‌ಹಾರ್ಗ್ ನೆಲದ ಇಳಿಜಾರು, ಮಣ್ಣು, ಕಾಡು, ನೀರು, ಚಾರಿತ್ರಿಕ ಸ್ಥಳಗಳು, ವಸತಿ ಮುಂತಾದ ಒಂದೊಂದು ಅಂಶಕ್ಕೂ ಒಂದೊಂದು ಪಾರದರ್ಶಕ ಹಾಳೆಯನ್ನು ಸಿದ್ಧಪಡಿಸಿ, ನಷ್ಟವು ಹೆಚ್ಚಾಗುವ ಕಡೆ ಗಾಢವಾದ ಛಾಯೆಯನ್ನು ತುಂಬಿದರು. ಹಾಳೆಗಳನ್ನು ಒಂದರ ಮೇಲೊಂದು ಇಟ್ಟಾಗ ತಿಳಿಯಾಗಿ ಉಳಿದ ಪಟ್ಟಿಯೇ ಸಮಾಜಕ್ಕೆ ಕನಿಷ್ಠ ನಷ್ಟದ ದಾರಿ. ಅದುವರೆಗೆ ಕೇವಲ ದೂರವನ್ನೂ ಹಣವನ್ನೂ ಎಣಿಸುತ್ತಿದ್ದ ಇಂಜಿನಿಯರುಗಳ ಮುಂದೆ ಕಾಡನ್ನೂ ಚರಿತ್ರೆಯನ್ನೂ ಲೆಕ್ಕಕ್ಕೆ ತಂದದ್ದು ಸಾಮಾನ್ಯವಾದ ಸಾಧನೆಯಲ್ಲ. ಇಂದು ಗಣಕಯಂತ್ರದಲ್ಲಿ ನಡೆಯುವ ಭೌಗೋಳಿಕ ಮಾಹಿತಿ ವ್ಯವಸ್ಥೆಯ ಪೂರ್ವರೂಪಗಳಲ್ಲಿ ಈ ವಿಧಾನವೂ ಒಂದು.

ಆದರೆ ನಮ್ಮ ಆಕ್ಷೇಪಗಳು ಮೊದಲಾಗುವುದೂ ಇಲ್ಲಿಯೇ. ಮೊದಲನೆಯದು ಕೂಡಿಕೆಯನ್ನು ಕುರಿತದ್ದು. ಕಡಿದಾದ ಇಳಿಜಾರಿನ ಕಪ್ಪೂ ಹಳೆಯ ದೇವಾಲಯದ ಕಪ್ಪೂ ಹಾಳೆಯ ಮೇಲೆ ಒಂದೇ ಬಣ್ಣ. ಆದರೆ ಅವೆರಡೂ ಒಂದೇ ಬಗೆಯ ಬೆಲೆಯಲ್ಲ. ಹೆಚ್ಚು, ಮಧ್ಯಮ, ಕಡಮೆ ಎಂಬುವು ಒಂದೊಂದು ಹಾಳೆಯೊಳಗಿನ ದರ್ಜೆಗಳು. ಅಂಥ ದರ್ಜೆಗಳನ್ನು ಪರಸ್ಪರ ಕೂಡಿದರೆ ಬರುವ ಮೊತ್ತಕ್ಕೆ ಅರ್ಥವಿಲ್ಲ. ಯಾವುದನ್ನು ಎಷ್ಟು ತೂಗಬೇಕೆಂದು ಯಾರೋ ಒಬ್ಬರು ನಿರ್ಧರಿಸಿಯೇ ಇರುತ್ತಾರೆ. ಸಮಾನವಾಗಿ ತೂಗುವುದೂ ಒಂದು ನಿರ್ಧಾರವೇ. ಆ ನಿರ್ಧಾರವು ಛಾಯೆಯ ಹಿಂದೆ ಮರೆಯಾಗಿ, ನಕ್ಷೆಯೇ ತೀರ್ಪುಕೊಟ್ಟಂತೆ ತೋರುತ್ತದೆ. ವಿದ್ಯಾರ್ಥಿಯು ಇದನ್ನರಿಯದೆ ವಿಧಾನವನ್ನು ಮಾತ್ರ ಕಲಿತರೆ, ತಾನು ಮಾಡಿದ ಆಯ್ಕೆಯನ್ನು ಪ್ರಕೃತಿಯ ಆಜ್ಞೆಯೆಂದು ಭ್ರಮಿಸುವ ಅಪಾಯವಿದೆ.

ಎರಡನೆಯ ಆಕ್ಷೇಪ ಕಾಲವನ್ನು ಕುರಿತದ್ದು, ಮತ್ತು ಇದು ನಮಗೆ ಹೆಚ್ಚು ಹತ್ತಿರದ್ದು. ಪ್ರಕೃತಿಯೆಂದರೆ ವಸ್ತುವಲ್ಲ, ನಿರಂತರವಾದ ಕ್ರಿಯೆ ಎಂದು ಗ್ರಂಥಕರ್ತರು ಮತ್ತೆ ಮತ್ತೆ ಸಾರುತ್ತಾರೆ. ಆದರೆ ಅವರ ಹಾಳೆ ಹಿಡಿಯುವುದು ಕ್ರಿಯೆಯನ್ನಲ್ಲ, ಒಂದು ಸ್ಥಿತಿಯನ್ನು. ಬೆಂಗಳೂರನ್ನೇ ತೆಗೆದುಕೊಳ್ಳೋಣ. ಇದು ನದಿಯ ದಡದ ಊರಲ್ಲ. ಏಣಿನ ಮೇಲಣ ಊರು. ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿ, ಅರ್ಕಾವತಿಗಳ ಮೂಲಕ ಕಾವೇರಿಗೂ, ಪೂರ್ವಕ್ಕೆ ಬಿದ್ದದ್ದು ದಕ್ಷಿಣ ಪಿನಾಕಿನಿಗೂ ಸೇರುತ್ತದೆ. ಮೇಲಿನ ಕೆರೆ ತುಂಬಿ ಕೋಡಿಬಿದ್ದರೆ ನೀರು ಕಾಲುವೆಯಲ್ಲಿ ಕೆಳಗಿನ ಕೆರೆಗೆ ಹೋಗುತ್ತಿದ್ದಿತು. ವೈಶಾಖದಲ್ಲಿ ಇಂಥ ಕೆರೆಯಂಗಳವನ್ನು ನೋಡಿದವನಿಗೆ ಅದು ದನ ಮೇಯುವ ಬಯಲು. ಕಾರ್ತಿಕದಲ್ಲಿ ನೋಡಿದವನಿಗೆ ಜಲರಾಶಿ. ಎರಡರಲ್ಲಿ ಯಾವುದು ನಕ್ಷೆಗೆ ಹೋಗಬೇಕು? ಧರ್ಮಾಂಬುಧಿ ಕೆರೆಯ ಜಾಗದಲ್ಲಿ ಇಂದು ಕೆಂಪೇಗೌಡ ಬಸ್ ನಿಲ್ದಾಣವಿದೆ. ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣವಿದೆ. ಒಣಗಿದ ಕೆರೆಯನ್ನು ಖಾಲಿ ಜಾಗವೆಂದು ಓದಿದರೆ ಆಗುವುದು ಹೀಗೆ. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆಯ ಬಡಾವಣೆಗಳಿಗೆ ನೀರು ನುಗ್ಗಿದಾಗ ಅದನ್ನು ಅನಿರೀಕ್ಷಿತವೆಂದವರು ಅನೇಕರು. ವಾಸ್ತವವಾಗಿ ನೀರು ತನ್ನ ಹಳೆಯ ದಾರಿಯನ್ನು ಮರೆತಿರಲಿಲ್ಲ, ಮರೆತವರು ನಾವು.

ಮೂರನೆಯದು ಮನುಷ್ಯರನ್ನು ಕುರಿತದ್ದು. ಗ್ರಂಥದ ಕೊನೆಯ ಭಾಗದಲ್ಲಿ ಇದೇ ನಕ್ಷಾವಿಧಾನವು ಫಿಲಡೆಲ್ಫಿಯ ನಗರದ ಜನರಿಗೆ ಅನ್ವಯವಾಗುತ್ತದೆ: ರೋಗ, ಅಪರಾಧ, ಬಡತನ, ಜನಸಾಂದ್ರತೆಗಳು ಎಲ್ಲಿ ಹೆಚ್ಚೆಂದು ಹಾಳೆಗಳು ತೋರಿಸುತ್ತವೆ. ಮರಳದಿಬ್ಬಕ್ಕೆ ಒಪ್ಪಿದ ಮಾತು ಇಲ್ಲಿ ಒಪ್ಪುವುದಿಲ್ಲ. ಹುಲ್ಲು ತನ್ನ ಸ್ಥಿತಿಯ ಕಾರಣವನ್ನು ಹೇಳಲಾರದು; ಮನುಷ್ಯನು ಹೇಳಬಲ್ಲನು, ಆದರೆ ಅವನನ್ನು ಕೇಳುವ ಹಾಳೆ ಅಲ್ಲಿಲ್ಲ. ನಮ್ಮ ಕೆರೆಗಳಿಗೂ ಇದೇ ಮಾತು ಸಲ್ಲುತ್ತದೆ. ತೂಬನ್ನು ಎತ್ತಿ, ಅಚ್ಚುಕಟ್ಟಿನ ಗದ್ದೆಗಳಿಗೆ ಸರದಿಯಂತೆ ನೀರು ಹಂಚುತ್ತಿದ್ದ ನೀರುಗಂಟಿಯು ಯಾವ ಛಾಯೆಯಲ್ಲಿ ಕಾಣಿಸಿಕೊಳ್ಳಬೇಕು? ಅವನಿಲ್ಲದೆ ಕೆರೆ ಕೇವಲ ಹೊಂಡ.

ಇದೇ ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದಲ್ಲಿ ಮುಂದೆ ಬೋಧಿಸಿದ ಅನುರಾಧಾ ಮಾಥುರ್ ಮತ್ತು ದಿಲೀಪ್ ಡ ಕುನ್ಹಾ ಅವರು ಬೆಂಗಳೂರಿನ ನೆಲವನ್ನೇ ವಿಷಯವಾಗಿಟ್ಟುಕೊಂಡು 2006ರಲ್ಲಿ ‘ಡೆಕ್ಕನ್ ಟ್ರ್ಯಾವರ್ಸಸ್’ ಎಂಬ ಗ್ರಂಥವನ್ನು ಪ್ರಕಟಿಸಿದರು. ಮೆಕ್‌ಹಾರ್ಗ್ ನಕ್ಷೆಯನ್ನು ನಂಬಿದರೆ ಇವರು ನಕ್ಷೆಯನ್ನೇ ಪ್ರಶ್ನಿಸುತ್ತಾರೆ. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಈ ಸೀಮೆಯನ್ನು ಅಳೆದ ಲ್ಯಾಂಬ್ಟನ್, ಮೆಕೆಂಜಿ, ಊರೂರು ಸುತ್ತಿ ಬರೆದ ಬುಕಾನನ್ ಮೊದಲಾದವರು ಇದ್ದ ನೆಲವನ್ನು ವರ್ಣಿಸಿದರಷ್ಟೇ ಅಲ್ಲ, ಮುಂದೆ ನಾವು ಕಾಣಬೇಕಾದ ನೆಲವನ್ನು ರೂಪಿಸಿದರೆಂಬುದು ಇವರ ವಾದ. ಇದು ಮೆಕ್‌ಹಾರ್ಗ್‌ರ ಕೊರತೆಗೆ ತಕ್ಕ ಉತ್ತರ. ಆದರೂ ಇಲ್ಲಿನ ಸಾಕ್ಷಿಗಳು ಮುಖ್ಯವಾಗಿ ಅಳೆದವರು, ಚಿತ್ರಿಸಿದವರು, ಸಸ್ಯ ಸಂಗ್ರಹಿಸಿದವರು. ಉತ್ತವರ ಮಾತು ಇನ್ನೂ ಬರಬೇಕಾಗಿದೆ.

ಆ ಮಾತು ಕನ್ನಡದಲ್ಲಿದೆ. ‘ಭೂದೃಶ್ಯ’ವೆಂಬ ಶಬ್ದವನ್ನು ನಾವು ಇಂಗ್ಲಿಷಿಗೆ ಸರಿದೊರೆಯಾಗಿ ಮಾಡಿಕೊಂಡೆವು, ಅದರಲ್ಲಿ ನೆಲಕ್ಕಿಂತ ನೋಟವೇ ಮುಂದು. ನಮ್ಮ ಹಳೆಯ ಹೆಸರುಗಳಾದರೋ ಹೊಲ, ಗದ್ದೆ, ತೋಟ, ಹಿತ್ತಲು, ಗೋಮಾಳ, ಗುಂಡುತೋಪು, ಅಚ್ಚುಕಟ್ಟು ಎಂಬುವು. ಇವುಗಳಲ್ಲಿ ಒಂದೂ ದೃಶ್ಯವಲ್ಲ. ಪ್ರತಿಯೊಂದೂ ಒಂದು ಕೆಲಸ, ಒಂದು ಹಕ್ಕು, ಒಂದು ಹೊಣೆ. ಶಾಸನಗಳಲ್ಲಿ ಬರುವ ಬಿತ್ತುವಟ್ಟ, ಕಟ್ಟುಗೊಡಗೆಗಳು ಕೆರೆಯನ್ನು ಕಟ್ಟಿದವರಿಗೂ ಕಾಪಾಡುವವರಿಗೂ ಸಂದ ದತ್ತಿಗಳ ಹೆಸರುಗಳು. ಮೆಕ್‌ಹಾರ್ಗ್‌ರ ಹಾಳೆಗಳಲ್ಲಿ ಕಾಣದ ಕಾಲವೂ ಮನುಷ್ಯನೂ ಈ ಶಬ್ದಗಳಲ್ಲಿ ಒಟ್ಟಿಗೆ ಇದ್ದಾರೆ. ಶಾಸನವನ್ನು ಓದಬಲ್ಲ ಕನ್ನಡ ವಿದ್ಯಾರ್ಥಿಗೂ ಇಳಿಜಾರನ್ನು ಅಳೆಯಬಲ್ಲ ವಿನ್ಯಾಸದ ವಿದ್ಯಾರ್ಥಿಗೂ ಇಂದು ಒಂದೇ ತರಗತಿಯಿಲ್ಲ. ಈ ಅಗಲಿಕೆಯಿಂದ ಇಬ್ಬರಿಗೂ ನಷ್ಟ, ಕೆರೆಗೆ ಇನ್ನೂ ಹೆಚ್ಚಿನ ನಷ್ಟ.

ಒಟ್ಟಿನಲ್ಲಿ ‘ಡಿಸೈನ್ ವಿತ್ ನೇಚರ್’ ತನ್ನ ವಿಧಾನಕ್ಕಿಂತ ದೊಡ್ಡ ಗ್ರಂಥ. ಅದರ ಹಾಳೆಗಳನ್ನು ಅನುಕರಿಸುವುದು ಸುಲಭ. ಅದರ ಮರಳದಿಬ್ಬದ ಅಧ್ಯಾಯದಲ್ಲಿರುವ ತಾಳ್ಮೆಯನ್ನು ಅನುಕರಿಸುವುದು ಕಷ್ಟ. ಅಧ್ಯಾಪಕರು ಆಯ್ದುಕೊಳ್ಳಬೇಕಾದದ್ದು ಎರಡನೆಯದನ್ನು. ವಿದ್ಯಾರ್ಥಿಗಳನ್ನು ಒಂದೇ ಕೆರೆಯ ಏರಿಯ ಮೇಲೆ ಬೇಸಗೆಯಲ್ಲೊಮ್ಮೆ, ಮಳೆಗಾಲದ ಕೊನೆಯಲ್ಲೊಮ್ಮೆ ನಡೆಸಿ, ಆ ಊರಿನ ಹಿರಿಯರೊಡನೆ ಮಾತನಾಡಿಸಿ, ಅನಂತರವೇ ಕೈಗೆ ಹಾಳೆಯನ್ನು ಕೊಡುವುದು ಉಚಿತ. ಆಗ ಅವರು ತುಂಬುವ ಛಾಯೆಗೆ ಯಾರು ಹೊಣೆ ಎಂಬುದು ಅವರಿಗೆ ತಿಳಿದಿರುತ್ತದೆ.